ಶಾಸ್ತ್ರದ ಸಕ್ಕರೆ

"ಹುಡುಗ ಅಂದ್ರ ಹಿಂಗಿರಬೇಕು ನೋಡ್ರಿ," ಎನ್ನುತ್ತ ಹಾಲೇಶಪ್ಪ ಎದ್ದು, ಬಾಗಿಲ ಚೌಕಟ್ಟಿಗೆ ಒರಗಿದ್ದ ತರುಣನ ಹೆಗಲ ಮೇಲೆ ಎಡಗೈ ಇಟ್ಟರು. ಬಲಗೈಯಲ್ಲಿ ತುಪ್ಪ ಸೋರುವ ಹೋಳಿಗೆಯ ತುಂಡಿತ್ತು. "ಈ ಹಣಿ ನೋಡ್ರಿ, ಈ ಎದಿ ನೋಡ್ರಿ. ನಿಮ್ಮ ಮಗಳು ಪುಣ್ಯ ಮಾಡ್ಯಾಳ."

ಹಿರೇಹಡಗಲಿಯ ಆ ಮನೆಯ ಪಡಸಾಲೆಯಲ್ಲಿ ಫ್ಯಾನು ಕಟಕಟ ಎನ್ನುತ್ತಿತ್ತು. ತರುಣ ಬೆರಳಲ್ಲಿ ತಿರುಗಿಸುತ್ತಿದ್ದ ಕೀಲಿಯನ್ನು ಮುಷ್ಟಿಯೊಳಗೆ ಹಿಡಿದುಕೊಂಡ.

"ಅಜ್ಜಾರ, ನಾನು ಕಾರಿನ ಡ್ರೈವರ್, ಅಂಜಿನಿ," ಎಂದ. "ಹುಡುಗ ಅಲ್ಲಿ ಕುಂತಾನ."

ಹುಡುಗ ಚಾಪೆಯ ಮೇಲೆ ಕುಳಿತಿದ್ದ. ಹೆಣ್ಣು ನೋಡಲೆಂದು ಹೊಸ ಅಂಗಿ ತೊಟ್ಟು ಹರಪನಹಳ್ಳಿಯಿಂದ ಬಂದಿದ್ದ. ಅವನ ಹಣೆಯೂ ಎದೆಯೂ ಕೆಟ್ಟದ್ದೇನಲ್ಲ, ಆದರೆ ಈಗ ಅವನ್ನು ಹೊಗಳುವುದು ಹೇಗೆ? ಅಡುಗೆಮನೆಯ ಪರದೆಯ ಹಿಂದೆ ಯಾರೋ ಬಾಯಿಗೆ ಸೆರಗು ಒತ್ತಿಕೊಂಡು ನಗುವ ಸದ್ದು, ಅದರ ಜೊತೆಗೆ ಬಳೆಗಳ ಸದ್ದು. ಹೆಣ್ಣಿನ ತಂದೆ ಇಂಥ ಹೊತ್ತಿನಲ್ಲಿ ತನಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದ. ಹಾಲೇಶಪ್ಪನವರ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದ. ಹಾಲೇಶಪ್ಪ ಕುಳಿತು ಅದನ್ನೂ ತಿಂದರು.

ವಾಪಸು ಬರುವಾಗ ಅವರು ಬಸ್ಸಿನ ಕಿಟಕಿಯಾಚೆ ನೋಡುತ್ತ ಕುಳಿತರು. ಎಲ್ಲವೂ ಹಾಲು ಬೆರೆಸಿದ ನೀರಿನೊಳಗಿಂದ ಕಂಡಂತೆ ಕಾಣುತ್ತಿತ್ತು. ಮೆಕ್ಕೆಜೋಳದ ಹೊಲ ಒಂದು ಹಸಿರು ಮಸುಕು. ಎದುರು ಬಂದ ಲಾರಿ ಒಂದು ಕೆಂಪು ಮಸುಕು. ಇಷ್ಟು ಕಾಲ ಇದನ್ನು ಅವರು ಧೂಳು ಎಂದು ಕರೆಯುತ್ತಿದ್ದರು. ಡ್ರೈವರನನ್ನು ವರನೆಂದು ಹೊಗಳಿದ ಮೇಲೆ ಎಲ್ಲವನ್ನೂ ಧೂಳಿನ ಮೇಲೆ ಹಾಕುವುದು ಕಷ್ಟ.

ಅವರ ಊರು ಕೊಟ್ಟೂರು. ಬಟ್ಟೆ ಅಂಗಡಿಯನ್ನು ಮಗ ಗುರುಬಸವರಾಜನಿಗೆ ಬಿಟ್ಟುಕೊಟ್ಟ ಮೇಲೆ ಅವರು ಪೂರ್ತಿಯಾಗಿ ಸಂಬಂಧ ಕುದುರಿಸುವ ಕೆಲಸಕ್ಕೆ ಇಳಿದಿದ್ದರು. ಕೂಡ್ಲಿಗಿಯ ಹುಡುಗ, ಹಡಗಲಿಯ ಹುಡುಗಿ. ಹರಪನಹಳ್ಳಿಯ ಹುಡುಗಿ, ತಂಬ್ರಹಳ್ಳಿಯ ಹುಡುಗ. ಬಸ್ಸು ಹೋಗುವ ಕಡೆಯಲ್ಲೆಲ್ಲ ಅವರು ಕೂಡಿಸಿದ ಸಂಸಾರಗಳಿದ್ದವು. ಅವರು ಊಟ ಬಿಟ್ಟು ಯಾರಿಂದಲೂ ಏನೂ ಪಡೆಯುತ್ತಿರಲಿಲ್ಲ. ಅವರ ಗುಟ್ಟು ಸರಳವಾಗಿತ್ತು: ಬಾಯಿಂದ 'ಒಲ್ಲೆ' ಎಂಬ ಮಾತನ್ನು ಹೊರಡಿಸುತ್ತಿರಲಿಲ್ಲ. ಒಂದು ಮನೆಯವರು ಒಲ್ಲೆ ಎಂದರೆ ಇನ್ನೊಂದು ಮನೆಗೆ ಅದನ್ನು 'ವಿಚಾರ ಮಾಡಾಕತ್ಯಾರ' ಎಂದು ಮುಟ್ಟಿಸುತ್ತಿದ್ದರು. ಎಷ್ಟೋ ಸಲ ಆ ಸುಳ್ಳು ಒದಗಿಸಿದ ಬಿಡುವಿನಲ್ಲಿ ಮೊದಲಿನವರು ನಿಜವಾಗಿಯೂ ವಿಚಾರ ಮಾಡಿ ಒಪ್ಪಿಬಿಡುತ್ತಿದ್ದರು.

ಹಗರಿಬೊಮ್ಮನಹಳ್ಳಿಯ ಕಣ್ಣಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ತೆಗೆಯುವುದು ದೊಡ್ಡ ಕೆಲಸವಲ್ಲ ಎಂದರು. ದೊಡ್ಡದು ಬೇರೆ ಇತ್ತು. ರಕ್ತದಲ್ಲಿ ಸಕ್ಕರೆ ಇಷ್ಟಿದ್ದರೆ ಗಾಯ ಮಾಯುವುದಿಲ್ಲ, ಕೀವಾದರೆ ಕಣ್ಣೇ ಹೋದೀತು. ಮೊದಲು ಸಕ್ಕರೆ ಇಳಿಸಿ, ಇಳಿದದ್ದು ನಿಲ್ಲಲಿ, ಆಮೇಲೆ ಬನ್ನಿ ಎಂದರು. ಮದುವೆಗಳಲ್ಲಿ ಊಟ ಮಾಡುತ್ತೀರಾ ಎಂದು ಕೇಳಿದಾಗ ಹಾಲೇಶಪ್ಪ ಮದುವೆಗಳಲ್ಲಿ ಈಚೆಗೆ ಕಡಿಮೆ ಎಂದರು. ಅದು ಸುಳ್ಳಲ್ಲ. ಅವರು ತಿನ್ನುತ್ತಿದ್ದುದು ಮದುವೆಗೆ ಮುಂಚೆ.

ಕಣ್ಣು ಬೇಗ ಸರಿಹೋಗಬೇಕೆಂಬ ಅವರ ಅವಸರಕ್ಕೆ ಕಾರಣವಿತ್ತು. ಕೂಡ್ಲಿಗಿಯಲ್ಲಿ ಶಾಲಾ ಶಿಕ್ಷಕಿಯಾಗಿದ್ದ ಮೊಮ್ಮಗಳು, ಗುರುಬಸವರಾಜನ ಮಗಳು ಅರ್ಚನಾಳಿಗೆ ಅದೇ ಊರಿನ ಅರುಣಕುಮಾರನ ಮನೆಯಿಂದ ಮಾತು ಬಂದಿತ್ತು. ಊರವರ ಮಕ್ಕಳಿಗೆಲ್ಲ ಸಂಬಂಧ ಹುಡುಕಿದ ಮನುಷ್ಯ ಸ್ವಂತ ಮೊಮ್ಮಗಳು ಅಕ್ಕಿಕಾಳು ಬೀಳುವ ಹೊತ್ತಿನಲ್ಲಿ ಹೇಗೆ ಕಂಡಳೆಂದು ಪಕ್ಕದವರನ್ನು ಕೇಳಿ ತಿಳಿಯಬೇಕೆ? ಈ ಮಾತನ್ನು ಅವರು ಮನೆಯಲ್ಲಿ ಹೇಳಿದ್ದು ಒಮ್ಮೆ ಮಾತ್ರ. ಯಾರೂ ಎರಡನೆಯ ಸಲ ಹೇಳಿಸಲಿಲ್ಲ.

ಸೊಸೆ ಪುಷ್ಪಲತಾ ಆರೋಗ್ಯ ಕೇಂದ್ರದಲ್ಲಿ ನರ್ಸು. ಅವಳು ಅಡುಗೆಮನೆಯನ್ನು ವಶಕ್ಕೆ ತೆಗೆದುಕೊಂಡಳು. ಅನ್ನದ ಬದಲು ನವಣೆ, ಎರಡು ಜೋಳದ ರೊಟ್ಟಿ, ತಟ್ಟೆಯ ಅರ್ಧದಷ್ಟು ಸೊಪ್ಪು ಕಾಯಿಪಲ್ಯ, ಮೊಳಕೆ ಹೆಸರುಕಾಳು. ಚಹಾಕ್ಕೆ ಸಕ್ಕರೆಯಿಲ್ಲ. ಗುಳಿಗೆ ತಪ್ಪುವಂತಿಲ್ಲ. ಬೆಳಿಗ್ಗೆ ಕೆರೆಯ ತನಕ ನಡಿಗೆ. ಎರಡು ಪಾತ್ರೆ ಬೇಯಿಸುವುದು ನನ್ನಿಂದಾಗದು ಎಂದು ಹೆಂಡತಿ ಅನ್ನದಾನಮ್ಮನೂ ಅದನ್ನೇ ಉಂಡಳು. ಗಂಡ ಒಬ್ಬನೇ ನಡೆದರೆ ಮಿರ್ಚಿ ಅಂಗಡಿಯ ಮುಂದೆ ಕಾಲು ತಾನಾಗಿ ನಿಲ್ಲುತ್ತದೆಂದು ಕೆರೆಗೂ ಜೊತೆಗೆ ಹೋದಳು.

ಹಾಲೇಶಪ್ಪ ತಕರಾರು ಮಾಡಲಿಲ್ಲ. ಮನಸ್ಸು ಗಟ್ಟಿ ಇದ್ದರೆ ರೋಗ ಹೆದರಿ ಓಡುತ್ತದೆ ಎಂದು ಅಂಗಡಿಗೆ ಬಂದವರಿಗೆಲ್ಲ ಭಾಷಣ ಮಾಡಿದರು. ನವಣೆಯ ಗುಣಗಳನ್ನು ಹೆಣ್ಣಿನ ಗುಣ ಹೇಳುವ ಧಾಟಿಯಲ್ಲೇ ಹೇಳಿದರು.

ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಪುಷ್ಪಲತಾ ಇಬ್ಬರ ಬೆರಳನ್ನೂ ಚುಚ್ಚಿ ಚಿಕ್ಕ ಯಂತ್ರದಲ್ಲಿ ನೋಡಿದಳು. ಅನ್ನದಾನಮ್ಮನದು ಅಂಚಿನಲ್ಲಿದ್ದದ್ದು ಸರಿಹೋಗಿತ್ತು. ಅವಳ ಬಳೆಗಳು ಮೊಣಕೈ ತನಕ ಜಾರುತ್ತಿದ್ದವು, ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದನ್ನು ಅವಳು ಯಾವಾಗಲೋ ಬಿಟ್ಟಿದ್ದಳು. ಹಾಲೇಶಪ್ಪನವರದು ಇದ್ದಲ್ಲೇ ಇತ್ತು. ಇದ್ದಲ್ಲಿಂದ ಸ್ವಲ್ಪ ಮೇಲೆಯೇ ಹೋಗಿತ್ತು.

"ಮಷೀನು ಕೆಟ್ಟೈತಿ," ಎಂದರು ಹಾಲೇಶಪ್ಪ.

"ನನಗ ಬರೋಬರಿ ತೋರಿಸಿತಲ್ಲ?" ಎಂದಳು ಅನ್ನದಾನಮ್ಮ.

"ಹೆಣ್ಮಕ್ಕಳಿಗೆ ಬ್ಯಾರೆ ತೋರಸ್ತತಿ."

ಕೆಟ್ಟದ್ದು ಏನೆಂಬುದು ಆ ವಾರವೇ ಬಯಲಾಯಿತು. ತಂಬ್ರಹಳ್ಳಿಯ ಗೀತಮ್ಮ ಸೀರೆ ತೆಗೆಯಲು ಅಂಗಡಿಗೆ ಬಂದವಳು ಅನ್ನದಾನಮ್ಮನನ್ನು ಕಂಡು, ನಿಮ್ಮ ಯಜಮಾನರಂಥ ಮನುಷ್ಯ ಇಲ್ಲ ಎಂದು ಶುರು ಮಾಡಿದಳು. ಹೆಣ್ಣು ನೋಡುವ ದಿನ ತಮ್ಮ ಮನೆಯಲ್ಲಿ ಶಾವಿಗೆ ಪಾಯಸ ಕೇಳಿ ಕೇಳಿ ಹಾಕಿಸಿಕೊಂಡರಂತೆ. ಅಷ್ಟು ದೊಡ್ಡವರಿಗೆ ಒಂದಿಷ್ಟೂ ಬಿಂಕವಿಲ್ಲವಂತೆ. ಕಟ್ಟಿಕೊಟ್ಟ ಉಂಡೆಗಳನ್ನು ಬಸ್‌ಸ್ಟ್ಯಾಂಡಿನಲ್ಲೇ ತಿನ್ನುತ್ತ ಕುಳಿತದ್ದನ್ನು ತನ್ನ ಮೈದುನ ನೋಡಿ ಬಂದು ಹೇಳಿದಾಗ ಮನೆಮಂದಿಗೆಲ್ಲ ಹೊಟ್ಟೆ ತುಂಬಿದಂತಾಯಿತಂತೆ. ಅನ್ನದಾನಮ್ಮ ನಗುನಗುತ್ತಲೇ ಕೇಳಿದಳು. ಸೀರೆಯ ಸೆರಗನ್ನು ಬಿಡಿಸಿ ತೋರಿಸಿದಳು. ಗೀತಮ್ಮ ಹೋದ ಮೇಲೆ ಅದನ್ನು ಮಡಚಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

ಆ ಸಂಜೆ ಊಟಕ್ಕೆ ಕುಳಿತಾಗ ಅವಳು ನವಣೆ ಬಡಿಸಲಿಲ್ಲ. ನನಗೆ ಮಾತ್ರ ಬೇಯಿಸಿಕೊಂಡಿದ್ದೇನೆ, ನೀವು ತಂಬ್ರಹಳ್ಳಿಗೆ ಹೋಗಿ ಉಣ್ಣಿರಿ ಎಂದಳು. ಹಾಲೇಶಪ್ಪನವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಾಚಿಕೆಗಿಂತ ಹೆಚ್ಚು ಆಶ್ಚರ್ಯವಾಯಿತು.

"ಅದು ಊಟ ಅಲ್ಲಲೇ," ಎಂದರು. "ಶಾಸ್ತ್ರ ಅದು. ಶಾಸ್ತ್ರದ ಸಕ್ಕರಿ ಮೈಗೆ ಹತ್ತಂಗಿಲ್ಲ."

ಅವರು ನೆಪ ಹೇಳುತ್ತಿರಲಿಲ್ಲ. ಮನೆಯಲ್ಲಿ ತಿಂದದ್ದು ಊಟ, ಗುಡಿಯಲ್ಲಿ ತಿಂದದ್ದು ಪ್ರಸಾದ, ಹೆಣ್ಣು ನೋಡುವ ಮನೆಯಲ್ಲಿ ತಿಂದದ್ದು ಕೆಲಸ ಎಂದು ಅವರು ಮನಸಾರೆ ನಂಬಿದ್ದರು.

ಪುಷ್ಪಲತಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಮಾವಾರ, ಬೀಗರ ಮನಿ ಯಾವ್ದು, ನಮ್ಮ ಮನಿ ಯಾವ್ದು ಅಂತ ರಕ್ತಕ್ಕ ಗೊತ್ತಾಗಂಗಿಲ್ರಿ."

ಗುರುಬಸವರಾಜ ನಕ್ಕ. ತಾಯಿ ನೋಡಿದ ನೋಟಕ್ಕೆ ನಗುವನ್ನು ಮಜ್ಜಿಗೆಯ ಜೊತೆ ನುಂಗಿದ.

ಆದರೆ ಹಾಲೇಶಪ್ಪನವರ ಕಷ್ಟವೂ ನಿಜವಾದದ್ದೇ. ಆ ಸೀಮೆಯಲ್ಲಿ ಮಧ್ಯಸ್ಥ ತಟ್ಟೆಗೆ ಕೈಹಾಕದಿದ್ದರೆ ಮನೆಯವರ ಮುಖ ಬಿಳಿಚಿಕೊಳ್ಳುತ್ತದೆ. ಹುಡುಗನಲ್ಲೋ ಹುಡುಗಿಯಲ್ಲೋ ಹೇಳಲಾಗದ ಏನೋ ದೋಷವಿದೆ, ಅದು ಇವನಿಗೆ ಗೊತ್ತಿದೆ, ಅದಕ್ಕೇ ತಿನ್ನಲಿಲ್ಲ ಎಂದುಕೊಳ್ಳುತ್ತಾರೆ. ಕೋಗಳಿಯಲ್ಲಿ ಹಿಂದೆ ಒಬ್ಬ ಮಧ್ಯಸ್ಥ ಹೊಟ್ಟೆ ಕೆಟ್ಟಿದೆಯೆಂದು ಚಹಾ ಬಿಟ್ಟು ಎದ್ದುಬಂದದ್ದಕ್ಕೆ, ಆ ಮನೆಗೆ ಬಹಳ ಕಾಲ ಯಾರೂ ಹೆಣ್ಣು ಕೇಳಲು ಹೋಗಿರಲಿಲ್ಲ. ಹೀಗಿರುವಾಗ ತಿನ್ನದೆಯೂ ಮನೆಯವರನ್ನು ನೋಯಿಸದೆಯೂ ಬರುವ ದಾರಿ ಯಾವುದು?

ಅವರು ನೆಪಗಳನ್ನು ಹುಡುಕಿದರು. ಹಡಗಲಿಯಲ್ಲಿ, ಇಂದು ಉಪವಾಸ ಎಂದರು. ಮನೆಯಾಕೆ ಭಕ್ತಿಯಿಂದ ಕೈಮುಗಿದು ಒಳಗೆ ಹೋಗಿ ಬಾಳೆಹಣ್ಣು, ಖರ್ಜೂರ, ಸಾಬೂದಾನಿ ಖೀರು, ಪೇಡೆ ತಂದಿಟ್ಟಳು. ಉಪವಾಸದ ಫಳಾರ ಊಟಕ್ಕಿಂತ ಸಿಹಿಯಾಗಿತ್ತು. ಹರಪನಹಳ್ಳಿಯಲ್ಲಿ ಹಲ್ಲುನೋವು ಎಂದರು. ಆ ಮನೆಯವರು ಹೋಳಿಗೆಯನ್ನು ಬಿಸಿಹಾಲಿನಲ್ಲಿ ಕಿವುಚಿ, ಮೇಲೆ ಇನ್ನೊಂದು ಚಮಚ ಸಕ್ಕರೆ ಹಾಕಿ, ಈಗ ಅಗಿಯುವ ಕೆಲಸವಿಲ್ಲ ನುಂಗಿರಿ ಎಂದರು. ಕೋಗಳಿಯಲ್ಲಿ, ಈಗಷ್ಟೇ ಊಟವಾಯಿತು ಎಂದರು. ಅಲ್ಲಿಯವರು ಡಬ್ಬಿಗೆ ಹಾಕಿಕೊಟ್ಟರು. ಡಬ್ಬಿ ಮನೆಗೆ ಬರುವಷ್ಟರಲ್ಲಿ ಹಗುರವಾಗಿತ್ತು. ಪ್ರತಿ ನೆಪವೂ ಒಂದು ಬಾಗಿಲು ಮುಚ್ಚಿ ಎರಡು ತೆರೆಯುತ್ತಿತ್ತು.

ಪುಷ್ಪಲತಾ ಒಂದು ಬೆಳಿಗ್ಗೆ ಮಾವನನ್ನು ಕೇಳಿದಳು: ನೀವು ಲಿಂಗಪೂಜೆಗೆ ಎಷ್ಟು ಹೊತ್ತು ಕೂಡುತ್ತೀರಿ? ಒಲೆಯ ಮೇಲೆ ಹಾಲು ಉಕ್ಕುವ ತನಕ ಎಂದು ಅತ್ತೆ ಒಳಗಿನಿಂದ ಉತ್ತರ ಕೊಟ್ಟಳು. ಅದು ನಿಜ. ಸ್ನಾನ, ವಿಭೂತಿ, ಕೊರಳ ಕರಡಿಗೆಯಿಂದ ತೆಗೆದ ಲಿಂಗ ಎಡಅಂಗೈ ಮೇಲೆ, ಎರಡು ಹನಿ ನೀರು, ಒಂದು ಪತ್ರೆ, ಆಯಿತು. ಕೈ ಪೂಜೆಯಲ್ಲಿದ್ದರೂ ತಲೆ ಯಾವ ಹುಡುಗಿಯ ಎತ್ತರ ಯಾವ ಹುಡುಗನಿಗೆ ಹೊಂದುತ್ತದೆಂದು ಅಳೆಯುತ್ತಿರುತ್ತಿತ್ತು. ಪತ್ರೆ ಏರಿಸಿದ ಮೇಲೆ ಏಳಬೇಡಿ ಎಂದಳು ಪುಷ್ಪಲತಾ. ಉಸಿರು ನಿಧಾನವಾಗುವ ತನಕ ಲಿಂಗವನ್ನೇ ನೋಡುತ್ತ ಕುಳಿತಿರಿ. ಮನಸ್ಸು ಎಲ್ಲಿಗೆ ಓಡುತ್ತದೋ ಓಡಲಿ, ಎಲ್ಲಿಗೆ ಓಡಿತೆಂದು ನೋಡಿ, ಕರೆದುಕೊಂಡು ಬನ್ನಿ. ಆಸ್ಪತ್ರೆಯಲ್ಲಿ ಬಿಪಿ ಹೆಚ್ಚಿದವರಿಗೆ ಇದನ್ನೇ ಕಣ್ಣು ಮುಚ್ಚಿಸಿ ಹೇಳುತ್ತೇವೆ, ನಿಮಗೆ ಅಂಗೈಯಲ್ಲೇ ಇದೆ.

ಹಾಲೇಶಪ್ಪ ಕುಳಿತರು. ಪೊರೆ ಕಟ್ಟಿದ ಕಣ್ಣಿಗೆ ಲಿಂಗ ಒಂದು ಕಪ್ಪು ಗುಂಡು, ಅದರ ಮೇಲೆ ದೀಪದ ಒಂದು ಹರಡಿದ ಚುಕ್ಕೆ. ಮೊದಲ ದಿನ ಮನಸ್ಸು ಕೂಡ್ಲಿಗಿಗೆ ಹೋಯಿತು. ಮರುದಿನ ಹಡಗಲಿಗೆ. ಮೂರನೆಯ ದಿನ ಎಲ್ಲಿಗೂ ಹೋಗಲಿಲ್ಲ, ಒಂದು ಜಿಲೇಬಿಯೇ ಇಲ್ಲಿಗೆ ಬಂತು. ದೀಪದ ಚುಕ್ಕೆಯ ಸುತ್ತ ಸುತ್ತಿಕೊಂಡು ನಿಂತಿತು. ಅವರು ಅದನ್ನು ಓಡಿಸಲಿಲ್ಲ. ಬೇಕಾದರೆ ಇರು ಎಂದು ಬಿಟ್ಟರು. ಆಶ್ಚರ್ಯವೆಂದರೆ ಸ್ವಲ್ಪ ಹೊತ್ತಿನ ಮೇಲೆ ಅದಕ್ಕೇ ಬೇಸರವಾದಂತೆ ಹೊರಟುಹೋಯಿತು.

ಹೀಗೆ ಕೂಡುತ್ತ ಕೂಡುತ್ತ ಒಂದು ಬೆಳಿಗ್ಗೆ ಅವರಿಗೆ ಒಂದು ಸಣ್ಣ ಸಂಗತಿ ಕಂಡಿತು. ಯಾರೋ ತಟ್ಟೆ ಹಿಡಿದುಕೊಂಡು ಬರುವುದನ್ನು ನೆನೆದರೆ ಸಾಕು, ಎದೆಯ ಎಡಭಾಗ ಬಿಗಿಯುತ್ತಿತ್ತು. ಅದು ಹಸಿವಲ್ಲ, ಹೆದರಿಕೆ. ಎದುರಿನವರ ಮುಖ ಚಿಕ್ಕದಾದೀತೆಂಬ ಹೆದರಿಕೆ. ಇಷ್ಟು ವರ್ಷ ಅವರು ಆ ಹೆದರಿಕೆಗೆ ಹೋಳಿಗೆ ತಿನ್ನಿಸುತ್ತ ಬಂದಿದ್ದರು. ಇದನ್ನು ಹೆಂಡತಿಗೆ ಹೇಳಿದಾಗ ಅವಳು, ಹೆದರಿಕೆ ಅರ್ಧ ತಿಂತು, ಇನ್ನರ್ಧ ನಾಲಿಗೆ ತಿಂತು ಎಂದಳು. ಹಾಲೇಶಪ್ಪ ಯೋಚಿಸಿ, ಲೆಕ್ಕ ಸರಿ ಎಂದು ಒಪ್ಪಿಕೊಂಡರು.

ಅವಳೇ ಅವರಿಗೆ ತಾಲೀಮು ಶುರು ಮಾಡಿದಳು. ಮಧ್ಯಾಹ್ನ ಸಕ್ಕರೆ ಹಾಕಿದ ಚಹಾ ತಂದು ಮೂಗಿನ ಕೆಳಗೆ ಹಿಡಿಯುವಳು. ಅವರು ಒಲ್ಲೆ ಎನ್ನಬೇಕು, ಅಷ್ಟೇ.

"ಸ್ವಲ್ಪ ತಡದು ಕುಡಿತೀನಿ," ಎಂದರು ಮೊದಲ ಸಲ.

"ಅದು ಒಲ್ಲೆ ಅಲ್ಲ."

"ಈಗ ಬ್ಯಾಡಾಗಿತ್ತೇನೋ."

"ಅದೂ ಅಲ್ಲ. ಬಾಯಾಗ ಬರಂಗಿಲ್ಲೇನು ಒಂದು ಮಾತು? ನನ್ನ ತವರಿಗೆ ಕರದಾಗೆಲ್ಲ ಹೆಂಗ ಬರತಿತ್ತು?"

ಅಂಗಡಿಯಿಂದ ಊಟಕ್ಕೆ ಬಂದ ಗುರುಬಸವರಾಜ ಆ ಚಹಾ ಕುಡಿದು ಹೋಗುವನು. ಕೆಲವು ದಿನಗಳಲ್ಲಿ ಅವನ ಹೊಟ್ಟೆ ಮುಂದೆ ಬಂದದ್ದನ್ನು ನೋಡಿ ಪುಷ್ಪಲತಾ ತಾಲೀಮಿನ ಚಹಾವನ್ನು ಬಚ್ಚಲಿಗೆ ಚೆಲ್ಲಿಸತೊಡಗಿದಳು.

ಹಾಲೇಶಪ್ಪ ಹೊರಗಿನ ಊರುಗಳಿಗೆ ಹೋಗುವುದನ್ನು ಸ್ವಲ್ಪ ಕಾಲ ನಿಲ್ಲಿಸಿ, ಸಂಬಂಧಗಳನ್ನು ಫೋನಿನಲ್ಲೇ ಕುದುರಿಸಿದರು. ಫೋನಿನಲ್ಲಿ ಯಾರೂ ಹೋಳಿಗೆ ಬಡಿಸಲಾರರು. ಸಕ್ಕರೆ ಇಳಿಯತೊಡಗಿತು. ಪಾದಗಳ ಉರಿ ಕಡಿಮೆಯಾಯಿತು. ನಿದ್ದೆ ಒಂದೇ ಹೊರಳಿಗೆ ಬೆಳಗಿನ ತನಕ ಬಂತು. ಬಾಯಿಗೆ ನವಣೆಯ ರುಚಿ ತಿಳಿಯಿತು; ಹಸಿ ಉಳ್ಳಾಗಡ್ಡಿಯಲ್ಲೂ ಒಂದು ಸಿಹಿ ಇರುತ್ತದೆಂದು ಅವರು ಅಂಗಡಿಯ ಗಿರಾಕಿಗಳಿಗೆ ಹೇಳತೊಡಗಿದರು. ಗಿರಾಕಿಗಳಿಗೆ ಭಾಷಣ ತಪ್ಪಲಿಲ್ಲ, ಆದರೆ ಮನಸ್ಸು ಗಟ್ಟಿ ಇರಬೇಕು ಎನ್ನುವ ಜಾಗದಲ್ಲಿ ಈಗ ಮನಸ್ಸನ್ನು ನೋಡುತ್ತಿರಬೇಕು ಎಂಬ ಮಾತು ಬಂದಿತ್ತು. ಕಣ್ಣಿನ ಡಾಕ್ಟರು ಫೋನಿನಲ್ಲಿ ವರದಿ ಕೇಳಿ ಸಂತೋಷಪಟ್ಟು, ಖಾಲಿಹೊಟ್ಟೆಯಲ್ಲಿ ಬಂದು ಒಮ್ಮೆ ಅಲ್ಲೇ ಪರೀಕ್ಷೆ ಮಾಡಿಸಿ, ಸರಿಯಿದ್ದರೆ ಅಂದೇ ಆಪರೇಷನ್ ಎಂದು ದಿನ ಕೊಟ್ಟರು. ಸರಿಯಿರದಿದ್ದರೆ ಮತ್ತೆ ಸರದಿ ಬರುವಷ್ಟರಲ್ಲಿ ಅರ್ಚನಾಳ ಮದುವೆಯೇ ಮುಗಿದುಹೋದೀತು.

ಕೂಡ್ಲಿಗಿಯವರು ಸಕ್ಕರೆ ಶಾಸ್ತ್ರಕ್ಕೆ ಬರುತ್ತೇವೆಂದು ಹೇಳಿಕಳಿಸಿದ್ದು ಸರಿಯಾಗಿ ಆಪರೇಷನ್ನಿನ ಹಿಂದಿನ ದಿನಕ್ಕೆ.

ಅವರು ಬಂದರು. ಮನೆಯ ಮುಂದೆ ಎರಡು ಕಾರು, ಪಡಸಾಲೆಯ ತುಂಬ ಜನ. ಅರುಣಕುಮಾರ ಬಾಗಿಲಿಗೆ ಒರಗದೆ ಚಾಪೆಯ ನಡುವೆಯೇ ಕುಳಿತದ್ದರಿಂದ ಹಾಲೇಶಪ್ಪನವರಿಗೆ ಅವನನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಮಾತುಕತೆಯೆಲ್ಲ ಸಲೀಸಾಗಿ ಮುಗಿಯಿತು. ಮದುವೆ ಎಲ್ಲಿ, ಯಾವಾಗ, ಎಷ್ಟು ಮಂದಿ ಎಂಬುದರಲ್ಲಿ ಯಾರೂ ದನಿ ಏರಿಸಲಿಲ್ಲ. ಉಳಿದದ್ದು ಸಕ್ಕರೆ. ಗಂಡಿನ ಕಡೆಯ ಹಿರಿಯರು ಹೆಣ್ಣಿನ ಕಡೆಯ ಹಿರಿಯರ ಬಾಯಿಗೆ ಸಕ್ಕರೆ ಹಾಕಿದರೆ ಸಂಬಂಧ ಆದಂತೆ. ಮೊದಲ ಬಾಯಿ ತೆರೆಯದೆ ಉಳಿದವರು ಬಾಯಿ ತೆರೆಯುವಂತಿಲ್ಲ.

ಅರುಣಕುಮಾರನ ಅಜ್ಜಿ ಭರಮಮ್ಮ ಬೆಳ್ಳಿ ಬಟ್ಟಲು ಹಿಡಿದು ನಿಧಾನಕ್ಕೆ ಎದ್ದಳು. ಮೊಮ್ಮಗ ಕೈಕೊಡಲು ಬಂದರೆ ಬೇಡವೆಂದು ಸರಿಸಿದಳು. ಅವಳು ಮೂರು ತಲೆಮಾರಿನ ಸಂಬಂಧಗಳಿಗೆ ತನ್ನ ಕೈಯಿಂದಲೇ ಸಕ್ಕರೆ ಹಾಕಿದವಳೆಂದು ಅವರ ಕಡೆಯವರೊಬ್ಬರು ಹೆಮ್ಮೆಯಿಂದ ತಿಳಿಸಿದರು. ಯಾರೋ ಮೊಬೈಲು ಎತ್ತಿ ಹಿಡಿದರು. ಭರಮಮ್ಮ ಐದು ಬೆರಳಿಗೆ ಹಿಡಿಯುವಷ್ಟು ಸಕ್ಕರೆ ಎತ್ತಿ ಹಾಲೇಶಪ್ಪನವರ ಮುಖದ ಮುಂದೆ ತಂದಳು.

ಹಾಲೇಶಪ್ಪ ಕೈಮುಗಿದರು. "ಅಮ್ಮ, ಹುಡುಗಿ ನಿಮ್ಮಾಕಿ. ಲಿಂಗ ಮುಟ್ಟಿ ಹೇಳ್ತೀನಿ, ನನ್ನ ಮಾತು ಕೊಟ್ಟಾತು."

"ಮಾತು ಆತು," ಎಂದಳು ಭರಮಮ್ಮ. "ಬಾಯಿ ತೆಗೀರಿ."

ಬಾಗಿಲ ಹತ್ತಿರ ನಿಂತಿದ್ದ ಅನ್ನದಾನಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು. ಇಷ್ಟು ದಿನ ತಾಲೀಮು ಕೊಟ್ಟವಳಿಗೆ ಈಗ, ಇದೊಂದು ಸಲ ತಿಂದುಬಿಡಲಿ ದೇವರೇ ಎನ್ನಿಸಿತು. ಗುರುಬಸವರಾಜ ಬೆವರು ಒರೆಸಿಕೊಂಡ. ಪುಷ್ಪಲತಾ ಮಾವನ ಕಿವಿಯ ಹತ್ತಿರ ಬಾಗಿ, ಒಂದು ಚಿಟಿಕೆಗೆ ಏನೂ ಆಗುವುದಿಲ್ಲ, ನಾಳೆಗೆ ಅದು ಲೆಕ್ಕಕ್ಕೇ ಬರುವುದಿಲ್ಲ, ತೆಗೆದುಕೊಳ್ಳಿರಿ ಎಂದು ಮೆಲ್ಲಗೆ ಹೇಳಿದಳು. ನರ್ಸಾಗಿ ಅವಳು ಹೇಳಿದ್ದು ಸರಿಯೇ ಇತ್ತು.

ಆದರೆ ಅವಳಿಗೆ ಚಿಟಿಕೆ ಗೊತ್ತಿತ್ತು, ಹಾಲೇಶಪ್ಪ ಗೊತ್ತಿರಲಿಲ್ಲ. ಆ ಚಿಟಿಕೆಯ ಹಿಂದೆ ಅಡುಗೆಮನೆಯಲ್ಲಿ ಬುಟ್ಟಿ ತುಂಬ ಹೋಳಿಗೆ ಇತ್ತು. ಒಮ್ಮೆ ಬಾಯಿ ತೆರೆದರೆ ಭರಮಮ್ಮ ಎರಡನೆಯ ಚಿಟಿಕೆ ಹಾಕುತ್ತಾಳೆ, ಅವಳ ಮಗ ಮೂರನೆಯದು, ಆಮೇಲೆ ಬೀಗರ ಪಂಕ್ತಿಯಲ್ಲಿ ಹಿರಿಯನೆಂದು ಮೊದಲ ತಟ್ಟೆ. ತನ್ನ ಬಾಯಿಗೆ ಚಿಟಿಕೆ ಎಂಬ ಅಳತೆಯೇ ಇಲ್ಲವೆಂದು ಅವರಿಗೆ ಎಷ್ಟೋ ಬೆಳಗುಗಳಲ್ಲಿ ಕಂಡಿತ್ತು.

ಎದೆಯ ಎಡಭಾಗ ಬಿಗಿಯಿತು. ಅವರು ಅದನ್ನು ನೋಡಿದರು. ಹಳೆಯ ನೆಪಗಳು ಒಂದೊಂದಾಗಿ ನಾಲಿಗೆಯ ತುದಿಗೆ ಬಂದವು: ಉಪವಾಸ, ಹಲ್ಲು, ಆಮೇಲೆ. ಅವನ್ನೂ ನೋಡಿದರು. ಗೋಡೆಯ ಪಕ್ಕದಲ್ಲಿ ಒಂದು ಹಳದಿ ಮಸುಕು ನಿಂತಿತ್ತು. ಅದು ಅರ್ಚನಾ ಎಂದು ಅವರಿಗೆ ಗೊತ್ತಿತ್ತು. ಅವಳು ನಗುತ್ತಿದ್ದಾಳೋ ಹೆದರಿದ್ದಾಳೋ ಗೊತ್ತಾಗಲಿಲ್ಲ. ಮುಖ ಇರಬೇಕಾದ ಜಾಗದಲ್ಲಿ ಬರಿಯ ಬೆಳಕಿತ್ತು.

ಭರಮಮ್ಮನ ಕೈ ಇನ್ನೂ ಗಾಳಿಯಲ್ಲೇ ಇತ್ತು. ಒಂದೆರಡು ಕಾಳು ಸಕ್ಕರೆ ಅವರ ಪಂಚೆಯ ಮೇಲೆ ಉದುರಿತು. "ಅದೇನು ಹಿರೇರ, ಸಣ್ಣ ಹುಡುಗ್ರಂಗ," ಎಂದಳು ಅವಳು, ಇನ್ನೂ ನಗುತ್ತಲೇ. "ಒಂದು ಕಾಳರ ತಿನ್ರಿ. ನನ್ನ ಕೈಯಾಗಿಂದು ಇದುತನಕ ಯಾರೂ ಬ್ಯಾಡ ಅಂದಿಲ್ಲ."

ಹಾಲೇಶಪ್ಪ ಪೂಜೆಯಲ್ಲಿ ಕೂಡುವ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡರು. ಉಸಿರನ್ನು ಪೂರ್ತಿ ಹೊರಗೆ ಬಿಟ್ಟರು.

"ಒಲ್ಲೆ," ಎಂದರು. "ಒಂದು ಕಾಳೂ ಒಲ್ಲೆ."